ಸಮಯದ ಅಭಾವದಿಂದ

ಮೊನ್ನೆ ಮಂಗಳೂರಿನ ಒಂದು ಸಭಾಂಗಣಕ್ಕೆ ಹೋಗಿದ್ದೆ. ಅತ್ತೆ-ಸೊಸೆ ಜೋಡಿಯ ಚೊಚ್ಚಲ ಪಾಡ್ದನ ಆಲ್ಬಂ ಬಿಡುಗಡೆ. ಪಾಡ್ದನ ಅಂದರೆ ತುಳುವಿನ ಕಥೆ ಹೇಳುವ ಹಾಡು. ನಾಟಿ ಗದ್ದೆಯಲ್ಲಿ ಅತ್ತೆ ಒಂದು ಸಾಲು ಎತ್ತುವುದು, ಸೊಸೆ ಅದನ್ನು ಹಿಡಿದು ಎಳೆಯುವುದು, ಹಾಗೆ ಹಾಡುತ್ತಾ ಬಂದವರು. ಆಮಂತ್ರಣದಲ್ಲಿ ಐದೂವರೆ ಎಂದಿತ್ತು. ನಾನು ಐದೂಕಾಲಿಗೇ ಹೋಗಿ ಕೂತೆ. ತಪ್ಪು ನನ್ನದೇ.

ವೇದಿಕೆಯಲ್ಲಿ ಹದಿನಾಲ್ಕು ಕುರ್ಚಿ. ಹಾಡುವವರಿಗೆ ಮಾತ್ರ ಜಾಗ ಇಲ್ಲ, ಪರದೆಯ ಹಿಂದೆ ನಿಂತಿದ್ದರು. ಆರೂವರೆಗೆ ನಿರೂಪಕರು ಮೈಕ್ ತಟ್ಟಿ, "ಸಮಯದ ಅಭಾವ ಇರುವುದರಿಂದ" ಎಂದು ಶುರು ಮಾಡಿದರು. ಆಮೇಲೆ ಹದಿನಾಲ್ಕು ಜನರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಪ್ರತಿಯೊಂದಕ್ಕೂ ಒಂದು ಫೋಟೋ.

ಯಕ್ಷಗಾನದ ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕೆಲವೇ ಗಂಟೆಗಳ ಕಾಲಮಿತಿಗೆ ಬಂದ ಮೇಲೆ ಪೂರ್ವರಂಗ ಹೋಯ್ತು ಅಂತ ನಾವು ಅಳುತ್ತೇವೆ, ಅಲ್ವಾ? ಕಥೆಗೆ ಮೊದಲು ಬಂದು ಕುಣಿದು ಹೋಗುವ ಕೋಡಂಗಿ ಇಲ್ಲ, ಬಾಲಗೋಪಾಲ ಇಲ್ಲ ಅಂತ. ಎಲ್ಲೂ ಹೋಗಿಲ್ಲ. ಸಭಾ ಕಾರ್ಯಕ್ರಮಕ್ಕೆ ವರ್ಗ ಆಗಿದೆ, ಅಷ್ಟೇ. ನಿರೂಪಕರೇ ಕೋಡಂಗಿ. ಎರಡೆರಡು ಮಾತಾಡಿ ಕೂರುವ ಗೌರವ ಉಪಸ್ಥಿತಿಯವರು ಬಾಲಗೋಪಾಲರು. ಇನ್ನು ಮುಖ್ಯ ಅತಿಥಿ ಅಂದರೆ ಬಣ್ಣದ ವೇಷ, ರಾಕ್ಷಸನ ಪಾತ್ರ. ದೇವಿ ಮಹಾತ್ಮೆ ಪ್ರಸಂಗದಲ್ಲಿ ಮಹಿಷಾಸುರ ಬರುತ್ತಾನಲ್ಲ, ಸಭೆಯ ಹಿಂದಿನಿಂದ, ದೊಂದಿ ಹಿಡಿಸಿಕೊಂಡು, ಅಬ್ಬರಿಸುತ್ತಾ? ಇವರೂ ಎಂಟು ಗಂಟೆಗೆ ಹಾಗೆಯೇ ಬಂದರು. ದೊಂದಿಯ ಬದಲು ಮೊಬೈಲ್ ಫ್ಲ್ಯಾಶ್. ಮಾತಾಡುತ್ತಿದ್ದ ಅಧ್ಯಕ್ಷರು ಅರ್ಧಕ್ಕೇ ನಿಲ್ಲಿಸಿದರು. ಇವರು ಕೂತ ಮೇಲೆ ಮತ್ತೆ ಮೊದಲಿನಿಂದ ಹೇಳಿದರು. ವ್ಯತ್ಯಾಸ ಒಂದೇ: ಮಹಿಷಾಸುರನಿಗೆ ಬೆಳಗಿನೊಳಗೆ ವಧೆ ಆಗುತ್ತದೆ.

ಬಿಡುಗಡೆ ಅಂದರೆ ಒಂದು ಪೆನ್‌ಡ್ರೈವ್. ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಹರಿವಾಣದಲ್ಲಿ ಇಟ್ಟಿದ್ದರು. ಅತಿಥಿಗಳು ರಿಬ್ಬನ್ ಬಿಚ್ಚಿದರು. ಕಾಗದದೊಳಗೆ ಹುಡುಕಿ ಹುಡುಕಿ ಪೆನ್‌ಡ್ರೈವ್ ಸಿಗುವಾಗ ಚಪ್ಪಾಳೆ ಮುಗಿದಿತ್ತು. "ಜನಪದ ಉಳಿಯಬೇಕು" ಎಂದು ನಲ್ವತ್ತು ನಿಮಿಷ ಮಾತಾಡಿದರು.

1990ರಲ್ಲಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರ ತಂಡದ ಎದುರು ಕೂತು ಸಿರಿ ಪಾಡ್ದನ ಹಾಡಿದರು. ದಿನಗಟ್ಟಲೆ ಹಾಡಿದರು. ಬರೆದು ಎಣಿಸಿದಾಗ 15,683 ಸಾಲು. ಆ ಪರದೇಶದವರಿಗೆ ಸಮಯದ ಅಭಾವ ಇರಲಿಲ್ಲ ಅಂತ ಕಾಣುತ್ತದೆ. ನಮ್ಮ ಆಲ್ಬಂನಲ್ಲಿ ಒಂದೊಂದು ಪಾಡ್ದನಕ್ಕೆ ಮೂರೂವರೆ ನಿಮಿಷ. ಅದರಲ್ಲೂ ಮೊದಲ ಅರ್ಧ ನಿಮಿಷ ಕೀಬೋರ್ಡು.

ಮೇಳಗಳ ಕಥೆಯೂ ಇದೇ. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವವರೆಗೆ ದಿನಾ ಆಟ, ದಿನಾ ಗಡಿಯಾರ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ 2000ನೇ ಇಸವಿಯ ನಿಯಮ ಅಡ್ಡ. 2022ರಲ್ಲಿ ಕಟೀಲು ಮೇಳವೂ ಕಾಲಮಿತಿಗೆ ಬಂದಾಗ ಊರೆಲ್ಲ ಅದೇ ಚರ್ಚೆ. ಹಾಡುವ ಭಾಗವತರು ಪದ್ಯ ಬಿಟ್ಟರು, ವೇಷಧಾರಿಗಳು ಅರ್ಥ, ಅಂದರೆ ಮಾತು, ಕಡಿಮೆ ಮಾಡಿದರು. ಆದರೆ ನಡುವೆ ಆಟ ನಿಲ್ಲಿಸಿ ಮಾಡುವ ಸನ್ಮಾನ ಉಂಟಲ್ಲ, ಅದರಿಂದ ಒಂದು ಶಾಲು ಕಡಿಮೆ ಆಯ್ತಾ? ಕಿರೀಟ ಕಟ್ಟಿಕೊಂಡ ದೇವೇಂದ್ರ ಬಣ್ಣ ಹಚ್ಚುವ ಚೌಕಿಯಲ್ಲಿ ಬೆವರುತ್ತಾ ಕಾಯುತ್ತಾನೆ. ರಂಗದಲ್ಲಿ ದಾನಿಗಳ ಪಟ್ಟಿ ಓದುತ್ತಿರುತ್ತಾರೆ.

ಅತ್ತೆ-ಸೊಸೆಗೆ ಮೈಕ್ ಸಿಕ್ಕಿದ್ದು ಒಂಬತ್ತೂವರೆಗೆ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಕೋರಿ ರೊಟ್ಟಿಯ ವಾಸನೆ ಬಂತು, ಸಭೆ ಎದ್ದಿತು. ನಿರೂಪಕರು ಬದಿಯಿಂದ ಗಡಿಯಾರ ತೋರಿಸಿದರು. ಇಬ್ಬರೂ ಎಂಟು ಸಾಲು ಹಾಡಿ ಕೈ ಮುಗಿದರು.

ಊಟದ ಸಾಲಿನಲ್ಲಿ ಅತ್ತೆ ಸಿಕ್ಕಿದರು. "ಅಕ್ಕಾ, ಆ ಪಾಡ್ದನ ಪೂರ್ತಿ ಹಾಡಿದರೆ ಎಷ್ಟು ಹೊತ್ತು?" ಎಂದು ಕೇಳಿದೆ.

"ಒಂದು ಗದ್ದೆಗೆ ನೇಜಿ ನೆಟ್ಟು ಮುಗಿಯುವಷ್ಟು" ಎಂದರು. ಪ್ಲೇಟಿಗೆ ರೊಟ್ಟಿ ಹಾಕಿಸಿಕೊಂಡು, "ಇವತ್ತಿನ ಭಾಷಣಕ್ಕೆ ಮೂರು ಗದ್ದೆ ಆಗ್ತಿತ್ತು ಮಾರಾಯ್ರೆ" ಎಂದರು.