ಬೆರಳಿನ ತಪ್ಪು, ವಾಚಿಗೆ ಬೈಗುಳ

ಸ್ಪೋರ್ಟ್ಸ್ ವಾಚಿನಲ್ಲಿ ಸೆಕೆಂಡಿನ ನೂರನೇ ಭಾಗ ದಡದಡ ಓಡುವುದನ್ನು ಕಂಡರೆ ಎಂಥವರಿಗೂ ಒಲಿಂಪಿಕ್ಸ್‌ನ ಗತ್ತು ಬಂದುಬಿಡುತ್ತದೆ. ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತಾ ಕೂತಿರುತ್ತದೆ. ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ಹಿಂದೆಮುಂದೆ ಆದರೆ ಹೆಚ್ಚು. ಪಾಪ, ಅದರದೇನೂ ತಪ್ಪಿಲ್ಲ. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ. ಅದಕ್ಕೇ ಟ್ರ್ಯಾಕ್ ಓಟದಲ್ಲಿ ಕೈಯಿಂದ ಅಳೆದ 10.11 ಸೆಕೆಂಡನ್ನು ಮುಂದಿನ ಹತ್ತನೇ ಭಾಗಕ್ಕೆ ಏರಿಸಿ 10.2 ಎಂದೇ ಬರೆದುಕೊಳ್ಳುತ್ತಾರೆ. ಕೊನೆಯ ಅಂಕಿ ಬರೀ ಶೋಕಿಗೆ.

ನಿಜವಾದ ಫಜೀತಿ ಇರುವುದು ಲ್ಯಾಪ್ ಗುಂಡಿಯಲ್ಲಿ. ಸ್ಟಾಪ್‌ವಾಚ್ ಓಡುತ್ತಿರುವಾಗ ಒತ್ತಿದರೆ ಅದು ಲ್ಯಾಪ್, ಅಂದರೆ ಆ ಒಂದು ಸುತ್ತಿನ ಸಮಯ. ನಿಂತಿರುವಾಗ ಒತ್ತಿದರೆ, ಬಹಳಷ್ಟು ವಾಚುಗಳಲ್ಲಿ, ಅದೇ ರೀಸೆಟ್. ನಾನೂರು ಮೀಟರಿನ ಸುತ್ತು ಮುಗಿದಾಗ ಏದುಸಿರಿನಲ್ಲಿ ಮೊದಲು ಸ್ಟಾಪ್ ಒತ್ತಿ, ಆಮೇಲೆ ‘ಅಯ್ಯೋ, ಲ್ಯಾಪ್ ಒತ್ತಬೇಕಿತ್ತು’ ಎಂದು ಇನ್ನೊಂದನ್ನು ಒತ್ತಿದಿರೋ, ಎದುರಿಗೆ ಸಾಲಾಗಿ ಸೊನ್ನೆ. ಬೆವರು ಮಾತ್ರ ಉಳಿಯುತ್ತದೆ.

ಲ್ಯಾಪ್ ಒತ್ತಿದ ಮೇಲೆ ಅಂಕಿ ಕೆಲವು ಸೆಕೆಂಡು ಕದಲದೆ ನಿಲ್ಲುತ್ತದೆ. ವಾಚು ನಿಂತಿತೆಂದು ಗಾಬರಿಯಾಗಿ ಮತ್ತೆ ಒತ್ತುವವರಿದ್ದಾರೆ. ಒಳಗೆ ಎಣಿಕೆ ಸಾಗಿಯೇ ಇರುತ್ತದೆ, ಎರಡನೇ ಒತ್ತಿಗೆ ಮೂರು ಸೆಕೆಂಡಿನ ವಿಶ್ವದಾಖಲೆ ಸುತ್ತೊಂದು ಪಟ್ಟಿಗೆ ಸೇರಿಕೊಳ್ಳುತ್ತದೆ. ಸ್ಪ್ಲಿಟ್ ಎಂದರೆ ಬೇರೆ: ಆರಂಭದಿಂದ ಆವರೆಗಿನ ಒಟ್ಟು. ಮೊದಲ ಸುತ್ತು 1:52, ಎರಡನೆಯದು 1:58 ಆದರೆ ಎರಡನೆಯ ಸ್ಪ್ಲಿಟ್ 3:50. ಇದನ್ನು ಲ್ಯಾಪ್ ಎಂದು ಓದಿಕೊಂಡು ಕಾಲಿನ ಮೇಲೆ ನಂಬಿಕೆ ಕಳೆದುಕೊಳ್ಳಬೇಡಿ.

ಬಿಟ್ಟುಬಿಟ್ಟು ಓಡುವವರಿಗೆ ಇಂಟರ್ವಲ್ ಟೈಮರ್ ಒಳ್ಳೆಯ ಜೊತೆ. ಒಂದು ನಿಮಿಷ ಓಟ, ಮೂವತ್ತು ಸೆಕೆಂಡು ನಡಿಗೆ, ಎಂಟು ಸಲ: ಒಟ್ಟು ಹನ್ನೆರಡು ನಿಮಿಷ. ಎರಡು ಅವಧಿ ಇಡಲು ಬರದ ಸಾದಾ ವಾಚಾದರೆ ಕೌಂಟ್‌ಡೌನನ್ನು 1:30ಕ್ಕೆ ಇಟ್ಟು, ತಾನೇ ಮರಳಿ ಶುರುವಾಗುವ ರಿಪೀಟ್ ಆರಿಸಿ. ಅಂಕಿ 0:30 ತೋರಿಸಿದಾಗ ನಡಿಗೆಗೆ ಇಳಿದರಾಯಿತು. ರಿಪೀಟ್ ಮರೆತರೆ ಒಂದು ಸಲ ಕೂಗಿ ಸುಮ್ಮನಾಗುತ್ತದೆ, ನೀವು ನಡೆಯುತ್ತಲೇ ಇರುತ್ತೀರಿ. ಬೀಪ್ ಗಾಳಿಗೆ ಕೇಳಿಸದು. ವೈಬ್ರೇಷನ್ ಇದ್ದರೆ ಅದನ್ನೂ ಹಾಕಿ, ಪಟ್ಟಿಯನ್ನು ಒಂದು ತೂತು ಬಿಗಿಮಾಡಿ.

ಜಿಪಿಎಸ್ ವಾಚುಗಳ ಆಟೋ ಪಾಜ್ ಇನ್ನೊಂದು ಬಗೆ. ಸಿಗ್ನಲ್‌ನಲ್ಲಿ ನಿಂತಾಗ ಎಣಿಕೆ ತಡೆಯುವುದೇನೋ ಸರಿ. ಕಡಿದಾದ ಏರಿನಲ್ಲಿ ಪ್ರಾಣ ಬಿಟ್ಟು ಹತ್ತುವವರನ್ನೂ ‘ನಿಂತಿದ್ದಾರೆ’ ಎಂದು ಅದು ತೀರ್ಮಾನಿಸಿಬಿಡುವುದುಂಟು. ಏರು ಹತ್ತುವ ದಿನ ಅದನ್ನು ಆಫ್ ಮಾಡಿಡಿ. ಆಮೇಲೆ ಮನೆಗೆ ಬಂದು ಸ್ಟಾಪ್ ಒತ್ತಲು ಮರೆತರೆ, ಸ್ನಾನವೂ ಓಟದ ಲೆಕ್ಕಕ್ಕೇ.