ಮೊದಲು ಪಕ್ಕದ ಮನೆಯ ಡಚ್ ಕಲಿಯಿರಿ

ನೆದರ್ಲೆಂಡ್ಸ್‌ಗೆ ಕೆಲಸಕ್ಕೆ ಬರುವ ನಮ್ಮವರು ಮೊದಲು ಕೇಳುವುದೇ ಇದು: "ಡಚ್ ಕಲಿಯಲೇಬೇಕಾ?" ಹಳಬರ ಉತ್ತರವೂ ರೆಡಿ ಇರುತ್ತದೆ. "ಬೇಡ ಬಿಡಿ, ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ." ಈ ಮಾತನ್ನು ನಾನು ಒಪ್ಪುವುದಿಲ್ಲ. ಐಂಡ್‌ಹೋವನ್, ಆಮ್‌ಸ್ಟೆಲ್‌ವೇನ್ ಕಡೆ ಆಫೀಸು, ಅಂಗಡಿ ಎಲ್ಲಾ ಇಂಗ್ಲಿಷಿನಲ್ಲೇ ನಡೆದುಹೋಗುತ್ತದೆ, ನಿಜ. ನೆರೆಹೊರೆ ಮಾತ್ರ ನಡೆಯುವುದಿಲ್ಲ.

ಕಾನೂನಿನ ವಿಷಯ ಬೇರೆ. 2022ರಲ್ಲಿ ಜಾರಿಗೆ ಬಂದ ಹೊಸ ಇನ್‌ಬ್ಯುರ್ಖರಿಂಗ್ ಕಾಯ್ದೆ (ಹೊರಗಿನಿಂದ ಬಂದವರು ಇಲ್ಲಿನ ಸಮಾಜಕ್ಕೆ ಹೊಂದಿಕೊಳ್ಳಲಿ ಅಂತ ಮಾಡಿದ ಕಾನೂನು), ಡಚ್ ಕಡ್ಡಾಯವಿರುವವರಿಗೆ ಗುರಿಯನ್ನು ಎ2 ಮಟ್ಟದಿಂದ (ಸರಳ ಮಾತು) ಬಿ1 ಮಟ್ಟಕ್ಕೆ (ದಿನನಿತ್ಯದ ವಿಷಯ ತಾವೇ ಮಾತಾಡಿಕೊಳ್ಳುವಷ್ಟು) ಏರಿಸಿತು. ಐಟಿಯಂಥ ಕೆಲಸಕ್ಕೆ ಕಂಪನಿ ಕರೆಸಿಕೊಂಡವರಿಗೆ ಆ ಕಡ್ಡಾಯ ಇಲ್ಲ. ಹಾಗಾಗಿ 5 ವರ್ಷ ಸುಮ್ನೆ ಇದ್ದು, ಡಚ್ ಪಾಸ್‌ಪೋರ್ಟ್ ಬೇಕೆನಿಸಿದಾಗ ಗಡಿಬಿಡಿಯಲ್ಲಿ ಪುಸ್ತಕ ಹಿಡಿಯುತ್ತಾರೆ. ಬಾಡಿಗೆ ಕರಾರು, ವಿಮೆ, ಸರ್ಕಾರಿ ಪತ್ರ, ಎಲ್ಲದರ ಪದಗಳೂ ಬಾಯಿಪಾಠ ಆಗುತ್ತವೆ. ಪಕ್ಕದ ಮನೆಯವರ ತಾಯಿ ತೀರಿಕೊಂಡಾಗ ಏನು ಹೇಳಬೇಕು ಅನ್ನುವುದು ಮಾತ್ರ ಗೊತ್ತಿರುವುದಿಲ್ಲ.

ಇಲ್ಲಿನವರ ಮನೆಯ ಹುಟ್ಟುಹಬ್ಬ ನೋಡಿದ್ದೀರಾ? ಕುರ್ಚಿಗಳನ್ನು ದುಂಡಗೆ ಹಾಕಿರುತ್ತಾರೆ. ಒಳಗೆ ಬಂದವರು ಆ ಸುತ್ತಿನಲ್ಲಿ ಒಬ್ಬೊಬ್ಬರ ಕೈ ಕುಲುಕಿ "ಖೆಫೆಲಿಸಿಟೇರ್ತ್" ಅನ್ನುತ್ತಾರೆ. ಮಗುವಿಗಷ್ಟೇ ಅಲ್ಲ, ಅಪ್ಪನಿಗೆ, ಅಮ್ಮನಿಗೆ, ಮೂಲೆಯಲ್ಲಿ ಕೂತ ಅಜ್ಜಿಗೂ ಅಭಿನಂದನೆ. ಮೊಮ್ಮಗಳ ಹುಟ್ಟುಹಬ್ಬ ಅಂದರೆ ಅಜ್ಜಿಗೂ ಹಬ್ಬ ತಾನೇ! ನನಗೆ ಈ ಪದ್ಧತಿ ತುಂಬಾ ಇಷ್ಟ. ಆಮೇಲೆ ಕಾಫಿ, ಕೇಕು, ಹರಟೆ. ನಾವು ಇಂಗ್ಲಿಷಿನಲ್ಲಿ ಶುರು ಮಾಡಿದರೆ ನಮಗೋಸ್ಕರ ಎಲ್ಲರೂ ಇಂಗ್ಲಿಷಿಗೆ ಬರುತ್ತಾರೆ. ಯಾರೂ ಬೇಸರ ತೋರಿಸುವುದಿಲ್ಲ. ಆದರೆ ಇಂಗ್ಲಿಷ್ ಅಷ್ಟಾಗಿ ಬಾರದ ಅಜ್ಜಿ, ತನ್ನ ಮೊಮ್ಮಗಳ ಹಬ್ಬದಲ್ಲೇ ಮಾತು ನಿಲ್ಲಿಸಿ ಕೂರುತ್ತಾರೆ. ನಮ್ಮ ಅನುಕೂಲಕ್ಕೆ ಬೆಲೆ ತೆರುವವರು ಅವರು.

ಅದಕ್ಕೇ ಹೇಳುವುದು, ವ್ಯಾಕರಣ ಆಮೇಲೆ ಇರಲಿ. ಇಂಗ್ಲಿಷಿನ "ದಿ"ಗೆ ಡಚ್‌ನಲ್ಲಿ ಎರಡು ಪದ; "ಡೆ" ಯಾವುದಕ್ಕೆ, "ಹೆಟ್" ಯಾವುದಕ್ಕೆ ಅಂತ ತಪ್ಪಿದರೆ ಆಕಾಶ ಬೀಳುವುದಿಲ್ಲ. ಕಾಯಿಲೆ ಬಿದ್ದವರಿಗೆ "ಬೇಟರ್ಸ್‌ಖಾಪ್". ಕಷ್ಟದಲ್ಲಿರುವವರಿಗೆ "ಸ್ಟೆರ್ಕ್ತೆ". ಸಾವಿನ ಮನೆಯಲ್ಲಿ "ಖೆಕೊಂಡೊಲೇರ್ತ್". ಹೆರಿಗೆಯಾದ ಮನೆಗೆ ಹೋದರೆ ರಸ್ಕಿನ ಮೇಲೆ ಬೆಣ್ಣೆ ಹಚ್ಚಿ, ಸಕ್ಕರೆ ಹೊದಿಸಿದ ಸೋಂಪಿನಂಥ ಕಾಳು ಉದುರಿಸಿ ಕೊಡುತ್ತಾರೆ. ಹೆಣ್ಣು ಮಗುವಾದರೆ ಗುಲಾಬಿ-ಬಿಳಿ, ಗಂಡಾದರೆ ನೀಲಿ-ಬಿಳಿ. ಅದರ ಹೆಸರು "ಬೆಸ್ಖೌಟ್ ಮೆಟ್ ಮೌಶೆಸ್". ಹೆಸರು ಹಿಡಿದು ಕೇಳಿ ತಿನ್ನಿ, ಬಾಣಂತಿಯ ಮುಖ ಅರಳುತ್ತದೆ.

ಬೆಂಗಳೂರಿಗೆ ಬಂದವರು ನಾಲ್ಕು ಮಾತು ಕನ್ನಡ ಕಲಿಯಲಿ ಅಂತ ನಾವು ಕೇಳುತ್ತೇವೆ. ಕೇಳುವುದು ಸರಿಯೇ. ಹಾಗಾದರೆ ಇಲ್ಲಿ ನಮ್ಮ ಸರದಿ ಅಲ್ವಾ?

ಡಚ್ಚರು ನಮ್ಮ ಉಚ್ಚಾರ ಕೇಳಿದ ತಕ್ಷಣ ಇಂಗ್ಲಿಷಿಗೆ ಹೊರಳುತ್ತಾರೆ, ಅದೊಂದು ದೊಡ್ಡ ತೊಡಕು. ಆಗ "ಇಕ್ ವಿಲ್ ಖ್ರಾಖ್ ನೇಡರ್ಲಾಂಡ್ಸ್ ಊಫನನ್" ಅನ್ನಿ. ನನಗೆ ಡಚ್ ಅಭ್ಯಾಸ ಮಾಡುವ ಆಸೆ ಅಂತ ಅರ್ಥ. ಹೆಚ್ಚಿನವರು ಖುಷಿಯಿಂದ ನಿಧಾನ ಮಾಡುತ್ತಾರೆ. ಊರ ಲೈಬ್ರರಿಗಳಲ್ಲಿ "ಟಾಲ್‌ಕಫೆ" ಅಂತ ನಡೆಯುತ್ತದೆ. ಸ್ವಯಂಸೇವಕರ ಜೊತೆ ಕೂತು ಸುಮ್ನೆ ಮಾತಾಡುವುದಷ್ಟೇ, ಪರೀಕ್ಷೆ ಗಿರೀಕ್ಷೆ ಇಲ್ಲ. ಗಂಡನ ಅಥವಾ ಹೆಂಡತಿಯ ಕೆಲಸಕ್ಕಾಗಿ ಬಂದು ಮನೆಯಲ್ಲೇ ಉಳಿದವರು ದಯವಿಟ್ಟು ಮೊದಲು ಅಲ್ಲಿಗೆ ಹೋಗಿ. ಇಲ್ಲಿನ ಚಳಿಗಾಲದ ಒಂಟಿತನ ಜಾಸ್ತಿ ಕಾಡುವುದು ನಿಮ್ಮನ್ನೇ. ಒಬ್ಬರೇ ಹೋಗಲು ಸಂಕೋಚವಾದರೆ ಕಾಮೆಂಟಿನಲ್ಲಿ ಊರಿನ ಹೆಸರು ಹಾಕಿ, ಅದೇ ಊರಿನ ಇನ್ನೊಬ್ಬರು ಖಂಡಿತ ಸಿಗುತ್ತಾರೆ.