ನೂರರಲ್ಲಿ ಏಳು ಕಳೆದರೆ

ನಾನಿರುವ ದೇಶದಲ್ಲಿ ಅಮ್ಮನ ಮರೆವಿನ ಪರೀಕ್ಷೆ ಮಾಡಿಸಿದೆ. ನೂರರಲ್ಲಿ ಏಳೇಳು ಕಳೆಯುತ್ತಾ ಹೋಗಿ ಅಂದರು, ಇಂಗ್ಲಿಷಿನಲ್ಲಿ. ಅಮ್ಮ ಬೆರಳು ಮಡಚುತ್ತಾ "ತೊಂಬತ್ತಮೂರು, ಎಂಬತ್ತಾರು" ಅಂತ ತನ್ನಷ್ಟಕ್ಕೇ ಗೊಣಗಿದಳು. ಲೆಕ್ಕ ಸರಿಯಾಗೇ ಇತ್ತು. ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಎಂಬತ್ತಾರು ಎಲ್ಲೋ ಜಾರಿಹೋಯಿತು. ಅಂಕವೂ ಹೋಯಿತು.

1975ರಲ್ಲಿ ಬಂದ ಈ 30 ಅಂಕದ ಪರೀಕ್ಷೆಯ ಮೇಲೆ ನನಗೆ ಸಿಟ್ಟಿಲ್ಲ. ಯಾವ ಭಾಷೆಯಲ್ಲಿ ಕೇಳಿದರು ಅನ್ನುವುದು ಫೈಲಿನಲ್ಲಿ ಇರಲಿಲ್ಲ, ಅದಕ್ಕೆ ಸಿಟ್ಟು. ಮುಂದಿನ ವರ್ಷ ಕನ್ನಡದಲ್ಲಿ ಕೇಳಿ ಅಂಕ ಏರಿದರೆ ಅಮ್ಮ ಹುಷಾರಾದಳು ಅಂತಲಾ?

ಆದರೂ ಇಲ್ಲಿಯವರ ಒಂದು ಪಾಠ ನನಗೆ ಹಿಡಿಸಿತು. ಅಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆಯಲ್ಲಿ ಒಂದು ಸಲದ ಅಳತೆಗಿಂತ ಎರಡು ಅಳತೆಗಳ ನಡುವಿನ ವ್ಯತ್ಯಾಸ ಜಾಸ್ತಿ ಹೇಳುತ್ತದೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ವಯಸ್ಸಾದ ಎಲ್ಲರಲ್ಲೂ ಸ್ವಲ್ಪ ಸವೆಯುತ್ತದೆ, ವರ್ಷಕ್ಕೆ ಶೇ 1ರಿಂದ 1.5ರಷ್ಟು. ಈ ಕಾಯಿಲೆಯಲ್ಲಿ ಶೇ 4-5. ಒಂದೇ ಎಂಆರ್‌ಐ ನೋಡಿದರೆ ಇದು ತಿಳಿಯುವುದಿಲ್ಲ, ಹಿಂದಿನದರ ಪಕ್ಕ ಇಟ್ಟು ನೋಡಬೇಕು. ಅಮೆರಿಕದಲ್ಲಿ 2004ರಿಂದ ಅದೇ ಜನರನ್ನು ವರ್ಷ ವರ್ಷವೂ ಕರೆದು ಸ್ಕ್ಯಾನ್, ರಕ್ತ, ನೆನಪು ಎಲ್ಲ ಅಳೆಯುವ ದೊಡ್ಡ ಅಧ್ಯಯನ ನಡೆದಿದೆ. ಇಂಥ ಕೆಲಸದಿಂದಲೇ ಗೊತ್ತಾದದ್ದು: ಅಮಿಲಾಯ್ಡ್ ಎಂಬ ಪ್ರೋಟೀನ್ ಮಿದುಳಿನಲ್ಲಿ ಕೂಡತೊಡಗುವುದು ಮರೆವು ಕಾಣುವುದಕ್ಕೆ 15-20 ವರ್ಷ ಮೊದಲೇ. ನಾವು ಮರೆವು ಶುರುವಾಯಿತು ಅನ್ನುವ ಹೊತ್ತಿಗೆ ಒಳಗೆ ಅರ್ಧ ದಾರಿ ಮುಗಿದಿರುತ್ತದೆ.

ನಮ್ಮ ಮನೆಗಳ ರೀತಿಯೇ ಬೇರೆ. ಕಣ್ಣು ಚುರುಕು, ಲೆಕ್ಕ ಸೊನ್ನೆ. ಹೇಳಿದ್ದೇ ಹೇಳುತ್ತಾಳೆ ಅಂತ ಅಕ್ಕ ಡಾಕ್ಟರಿಗಿಂತ ಮೊದಲೇ ಕಂಡಿದ್ದಳು. ಯಾವಾಗಿನಿಂದ ಅಂದರೆ, "ಮೊನ್ನೆ ಮೊನ್ನೆಯಿಂದ ಕಣೋ, ವಯಸ್ಸಾಯ್ತಲ್ವಾ." ಆ ಮೊನ್ನೆ ಎರಡು ವರ್ಷ ಹಿಂದಿನದು ಇರಬಹುದು!

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿರುವ ಮರೆವಿನ ಪರೀಕ್ಷೆ ಕನ್ನಡದಲ್ಲೂ ಇದೆ. ಈಗ ಅಮ್ಮನಿಗೆ ಪ್ರತಿ ಸಲವೂ ಕನ್ನಡದಲ್ಲೇ ಕೇಳಿ ಅಂತ ಪಟ್ಟು ಹಿಡಿದಿದ್ದೇನೆ. ನೆನಪಿಡಬೇಕಾದ ಪದಗಳ ಪಟ್ಟಿ ಮಾತ್ರ ಬದಲಾಗಬೇಕು, ಇಲ್ಲದಿದ್ದರೆ ಹಳೆಯದೇ ಬಾಯಿಪಾಠವಾಗಿ ಅಂಕ ಸುಮ್ನೆ ಏರುತ್ತದೆ.

ಮನೆಯಲ್ಲೂ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ತಾರೀಖು, ಪಕ್ಕದಲ್ಲಿ ಒಂದು ಸಾಲು. ಮೊದಲನೆಯದು, "ಒಲೆ ಆರಿಸಲು ಮರೆತಳು". ಅದರ ಕೆಳಗೆ ಅಮ್ಮನ ಗುಂಡು ಅಕ್ಷರ: "ನಾನಲ್ಲ, ನೀನು."